ಚೆಕ್ ಇಂಜಿನ್ ಲೈಟ್ ಬಂದ್ರೆ ಎಲ್ಲಾ ತಪ್ಪೂ ಎಥನಾಲ್ ಪೆಟ್ರೋಲ್‌ದೇನಾ? ಕೋಡ್ ಹೇಳೋ ಲೆಕ್ಕ ಬೇರೆ ಇದೆ

ತಿಪಟೂರು: ಕಾರಿನ ಮೀಟರ್ ಬೋರ್ಡಲ್ಲಿ ಹಳದಿ ಬಣ್ಣದ ಇಂಜಿನ್ ಚಿತ್ರ ಹತ್ತಿಕೊಂಡರೆ ಈಗ ಗ್ಯಾರೇಜ್‌ಗಳಲ್ಲಿ ಸಿಗೋ ಮೊದಲ ಉತ್ತರ ಒಂದೇ. "ಪೆಟ್ರೋಲ್ ಸರಿ ಇಲ್ಲ ಕಣಣ್ಣ, ಎಲ್ಲಾ ಎಥನಾಲ್ ಮಹಿಮೆ." ಮೈಲೇಜ್ ಕಡಿಮೆ ಆದ್ರೂ ಎಥನಾಲ್, ಬೆಳಗ್ಗೆ ಸ್ಟಾರ್ಟ್ ಆಗದಿದ್ರೂ ಎಥನಾಲ್, ಮಿಸ್ಸಿಂಗ್ ಹೊಡೆದ್ರೂ ಎಥನಾಲ್. ಡೀಸೆಲ್ ಪಿಕಪ್ ಗಾಡಿಗೆ ಲೈಟ್ ಬಂದಾಗಲೂ ಎಥನಾಲ್ ಅಂದ ಮಹಾನುಭಾವರಿದ್ದಾರೆ. ಬಂಕಲ್ಲಿ ಸಿಗೋ ಡೀಸೆಲ್‌ಗೆ ಎಥನಾಲ್ ಬೆರೆಸೋದೇ ಇಲ್ಲ, ಅದು ಬೇರೆ ಮಾತು.

ಈ ಉತ್ತರದಲ್ಲಿ ಒಂದು ಅನುಕೂಲ ಇದೆ. ಪೆಟ್ರೋಲ್ ಸರ್ಕಾರದ್ದು, ಬಂಕ್ ಕಂಪನಿದು, ತಪ್ಪು ಯಾರದ್ದೋ. ಮೆಕ್ಯಾನಿಕ್ ಏನೂ ಹುಡುಕಬೇಕಿಲ್ಲ, ಗಾಡಿ ಮಾಲೀಕನೂ ಏನೂ ಕೇಳಲ್ಲ. ಸ್ಕ್ಯಾನರ್ ಹಾಕಿ ಕೋಡ್ ಅಳಿಸ್ತಾರೆ, ಲೈಟ್ ಹೋಗುತ್ತೆ, ಇನ್ನೂರೋ ಮುನ್ನೂರೋ ಕೊಟ್ಟು ಮನೆಗೆ ಹೋಗ್ತೀವಿ. ವಾರ ಹತ್ತು ದಿನಕ್ಕೆ ಲೈಟ್ ಮತ್ತೆ ಹಾಜರ್. ಆಮೇಲೆ ಶುರುವಾಗೋದು ಸೆನ್ಸರ್ ಬದಲಿಸೋ ಆಟ, ಅದು ಸಾವಿರಗಟ್ಟಲೆ ದುಡ್ಡಿನ ಆಟ.

ಹಾಗಾದ್ರೆ ಎಥನಾಲ್ ಪಾಲು ಎಷ್ಟು, ಗಾಡಿ ಪಾಲು ಎಷ್ಟು? ಇದನ್ನ ಕಟ್ಟೆ ಮೇಲೆ ಕೂತು ವಾದ ಮಾಡಿ ತೀರ್ಮಾನ ಮಾಡಬೇಕಾಗಿಲ್ಲ. ನಿಮ್ಮ ಕಾರೇ ಅದರ ಲೆಕ್ಕ ಬರೆದಿಟ್ಟುಕೊಂಡಿರುತ್ತೆ. ಓದಿಸೋರು ಕಡಿಮೆ, ಅಷ್ಟೇ.

ಮೊದಲು ಪೆಟ್ರೋಲ್ ವಿಷಯ ಮುಗಿಸೋಣ. ದೇಶದಲ್ಲಿ 10% ಎಥನಾಲ್ ಬೆರೆಸೋ ಗುರಿ 2022ರ ಜೂನ್‌ನಲ್ಲಿ ಮುಟ್ಟಿತು. 20% ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು, ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಮಾತ್ರ. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿ 2025ರಲ್ಲೇ ಮುಗೀತು. ಈಗ ಸಾಮಾನ್ಯ ಪೆಟ್ರೋಲ್ ಅಂದ್ರೇನೇ ಇ20. ಬೇರೆ ಪೆಟ್ರೋಲ್ ಆಯ್ಕೆ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯ್ತು. ಮೈಲೇಜ್ ಇಳಿಯುತ್ತೆ ಅನ್ನೋದನ್ನ ಸರ್ಕಾರವೂ ಒಪ್ಪಿದೆ. ಇ20ಗೆ ಹೊಂದಿಸಿದ ಕಾರಲ್ಲಿ 1ರಿಂದ 2%, ಉಳಿದವುಗಳಲ್ಲಿ 3ರಿಂದ 6% ಅನ್ನೋದು ಅದರ ಲೆಕ್ಕ. ಅಂದ್ರೆ ಹಳೇ ಕಾರಿನವರ ಸಿಟ್ಟಿಗೆ ಕಾರಣ ಇದೆ. ಆದ್ರೆ ಸಿಟ್ಟಿಗೆ ಕಾರಣ ಇರೋದು ಬೇರೆ, ಲೈಟಿಗೆ ಕಾರಣ ಬೇರೆ.

ಪಿ0171 ಅಂದ್ರೆ ಏನು

ಎಥನಾಲ್ ಹೆಸರು ಹೆಚ್ಚಾಗಿ ಅಂಟಿಕೊಳ್ಳೋದು ಪಿ0171 ಅನ್ನೋ ಕೋಡಿಗೆ. ಪಿ ಅಂದ್ರೆ ಇಂಜಿನ್-ಗೇರ್ ಬಾಕ್ಸ್ ಕಡೆಯ ದೂರು. ಆಮೇಲಿನ ಸೊನ್ನೆ ಅಂದ್ರೆ ಎಲ್ಲಾ ಕಂಪನಿಗೂ ಒಂದೇ ಅರ್ಥ ಇರೋ ಕೋಡ್. ಅದರ ಮುಂದಿನ 1 ಇಂಧನ-ಗಾಳಿ ಅಳತೆಗೆ ಸೇರಿದ್ದು. ಪೂರ್ತಿ ಓದಿದ್ರೆ, "ಪೆಟ್ರೋಲ್ ಕಡಿಮೆ ಬೀಳ್ತಿದೆ, ಗಾಳಿ ಜಾಸ್ತಿ ಆಗಿದೆ." ಮೆಕ್ಯಾನಿಕ್‌ಗಳು ಇದನ್ನ ಲೀನ್ ಕೋಡ್ ಅಂತಾರೆ.

ಈ ಕೋಡಲ್ಲಿ ಯಾವ ಪಾರ್ಟ್ ಹೋಗಿದೆ ಅನ್ನೋದು ಎಲ್ಲೂ ಇಲ್ಲ, ಗಮನಿಸಿ. ಹೊಟ್ಟೆ ನೋವು ಅಂತ ಹೋದವನಿಗೆ ಡಾಕ್ಟ್ರು ಸೀದಾ ಹೊಟ್ಟೆ ಕೊಯ್ಯಲ್ಲ. ಆದ್ರೆ ಕಾರಿನ ವಿಷಯದಲ್ಲಿ ನಾವು ಅದನ್ನೇ ಮಾಡ್ತಿದೀವಿ. ಆಕ್ಸಿಜನ್ ಸೆನ್ಸರ್ ದೂರು ಕೊಟ್ಟಿದೆ, ಹಾಗಾಗಿ ಆಕ್ಸಿಜನ್ ಸೆನ್ಸರನ್ನೇ ಕಿತ್ತು ಬಿಸಾಕ್ತೀವಿ. ದೂರು ಕೊಟ್ಟೋನಿಗೇ ಶಿಕ್ಷೆ.

ಒಳಗೆ ನಡೆಯೋದು ಇಷ್ಟು. ಸೈಲೆನ್ಸರ್ ಪೈಪಿನ ಶುರುವಲ್ಲೇ ಕೂತಿರೋ ಆಕ್ಸಿಜನ್ ಸೆನ್ಸರ್, ಉರಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡುತ್ತೆ. ಜಾಸ್ತಿ ಉಳಿದಿದ್ರೆ ಪೆಟ್ರೋಲ್ ಸಾಲಲಿಲ್ಲ ಅಂತ ಅರ್ಥ. ಇಸಿಎಂ ತಕ್ಷಣ ಇಂಜೆಕ್ಟರ್‌ಗಳನ್ನ ಇನ್ನೊಂಚೂರು ಹೊತ್ತು ತೆರೆದಿಡುತ್ತೆ. ಹೀಗೆ ಎಷ್ಟು ಪರ್ಸೆಂಟ್ ಜಾಸ್ತಿ ಕೊಟ್ಟೆ, ಎಷ್ಟು ಕಡಿಮೆ ಮಾಡಿದೆ ಅನ್ನೋ ಲೆಕ್ಕಕ್ಕೆ ಫ್ಯುಯಲ್ ಟ್ರಿಮ್ ಅಂತಾರೆ. ಅದರಲ್ಲಿ ಎರಡು ಬಗೆ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್. ಅಂಗಡಿಯವರ ಭಾಷೇಲಿ ಹೇಳೋದಾದ್ರೆ ಒಂದು ಆ ಕ್ಷಣದ ಕಚ್ಚಾ ಚೀಟಿ, ಇನ್ನೊಂದು ಖಾತೆ ಪುಸ್ತಕ.

ಖಾತೆ ಪುಸ್ತಕದಲ್ಲಿ ಪ್ಲಸ್ ಐದೋ, ಮೈನಸ್ ಐದೋ ಇದ್ರೆ ಆರೋಗ್ಯವಂತ ಇಂಜಿನ್. ಹತ್ತರವರೆಗೂ ಗಾಬರಿ ಬೇಡ. ಪ್ಲಸ್ 20-25ರ ಹತ್ತಿರ ಹೋದಾಗ ಇಸಿಎಂ ಕೈಚೆಲ್ಲಿ ಕೋಡ್ ಬರೆಯುತ್ತೆ. ಮಿತಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು-ಕಡಿಮೆ. ಸಾಮಾನ್ಯವಾಗಿ ಒಂದೇ ಸಲಕ್ಕೆ ಲೈಟ್ ಹಚ್ಚಲ್ಲ, ಎರಡನೇ ಓಡಾಟದಲ್ಲೂ ಅದೇ ತೊಂದರೆ ಕಂಡ್ರೆ ಹಚ್ಚುತ್ತೆ. ಕೋಡ್ ಅಳಿಸಿದ ಮೇಲೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಬರೋದು ಇದೇ ಕಾರಣಕ್ಕೆ. ಅಳಿಸಿದಾಗ ಖಾತೆ ಪುಸ್ತಕವೂ ಸೊನ್ನೆ ಆಗುತ್ತೆ. ಲೈಟ್ ಬಂದ ಹೊತ್ತಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡಿತ್ತು, ಲೋಡ್ ಎಷ್ಟಿತ್ತು ಅಂತ ಹಿಡಿದಿಟ್ಟ ಫ್ರೀಜ್ ಫ್ರೇಮ್ ಅನ್ನೋ ದಾಖಲೆಯೂ ಹೋಗುತ್ತೆ. ನೀವು ಇನ್ನೂರು ರೂಪಾಯಿ ಕೊಟ್ಟು ಸಾಕ್ಷಿ ನಾಶ ಮಾಡಿಸಿದ ಹಾಗೆ.

ಎಥನಾಲ್ ಪಾಲು ಎಷ್ಟು

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದು ಕೆಜಿ ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು, ಯಾಕಂದ್ರೆ ಅದರೊಳಗೇ ಆಮ್ಲಜನಕ ಇದೆ. ಎರಡೂ ಸೇರಿದ ಇ20ಗೆ 13.5ರ ಹತ್ತಿರ. ಅಂದ್ರೆ ಅಷ್ಟೇ ಗಾಳಿಗೆ ಇಂಜಿನ್ ಸ್ವಲ್ಪ ಜಾಸ್ತಿ ಇಂಧನ ಹಾಕಬೇಕು. ಶುದ್ಧ ಪೆಟ್ರೋಲ್‌ಗೆ ಹೋಲಿಸಿದ್ರೆ 7-8%, ಹಿಂದೆ ಸಿಗ್ತಿದ್ದ ಇ10ಗೆ ಹೋಲಿಸಿದ್ರೆ 4%ರ ಆಸುಪಾಸು.

ಈಗ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಲೈಟ್ ಹತ್ತೋಕೆ ಬೇಕಾಗಿರೋದು 20-25. ಎಥನಾಲ್ ಕೊಡಬಹುದಾದ್ದು ಹೆಚ್ಚಂದ್ರೆ 7-8. ಬಾಕಿ 15 ಎಲ್ಲಿಂದ ಬಂತು? ಪೆಟ್ರೋಲ್ ಸರಿಯಾಗಿದ್ದು, ಕಾರು ಆರೋಗ್ಯವಾಗಿದ್ರೆ ಇ20 ಒಂದರಿಂದಲೇ ಪಿ0171 ಬರೋದು ಕಷ್ಟ. ಮೊದಲೇ ಓವರ್‌ಲೋಡ್ ಆಗಿರೋ ಗಾಡಿಗೆ ಇನ್ನೆರಡು ಮೂಟೆ ಹೇರಿದಾಗ ಪಟ್ಟಿ ಮುರಿದರೆ ಕೊನೇ ಎರಡು ಮೂಟೆ ಮೇಲೆ ಮಾತ್ರ ಕೇಸ್ ಹಾಕಕ್ಕಾಗಲ್ಲ.

ಇನ್ನೊಂದು ಗುಟ್ಟಿದೆ. ಎಥನಾಲ್ ಪರಿಣಾಮ ಐಡಲ್‌ನಲ್ಲೂ ಅಷ್ಟೇ, ರೇಸ್ ಕೊಟ್ಟಾಗಲೂ ಅಷ್ಟೇ, ಏರು ಹತ್ತುವಾಗಲೂ ಹೆಚ್ಚುಕಡಿಮೆ ಅಷ್ಟೇ ಪರ್ಸೆಂಟ್. ಬೇರೆ ಕಾಯಿಲೆಗಳು ಹಾಗಲ್ಲ, ಅವು ಒಂದೊಂದು ಹೊತ್ತಲ್ಲಿ ಒಂದೊಂದು ಥರ. ಗಾಳಿ ಅಳೆಯೋ ಮಾಫ್ ಸೆನ್ಸರ್ ಇರೋ ಕಾರಲ್ಲಿ ಇನ್‌ಟೇಕ್ ಪೈಪೋ, ರಬ್ಬರ್ ಹೋಸೋ ಸೀಳಿದ್ರೆ ಐಡಲ್‌ನಲ್ಲಿ ಟ್ರಿಮ್ ಮೇಲಿರುತ್ತೆ, 2500 ಆರ್‌ಪಿಎಂಗೆ ರೇಸ್ ಕೊಟ್ರೆ ಇಳಿಯುತ್ತೆ. ಒಳಗೆ ಬರೋ ಒಟ್ಟು ಗಾಳಿ ಜಾಸ್ತಿ ಆದಾಗ ಕದ್ದು ಬರೋ ಗಾಳಿಯ ಪಾಲು ಸಣ್ಣದಾಗುತ್ತಲ್ಲ, ಅದಕ್ಕೆ. ಪೆಟ್ರೋಲ್ ಪಂಪ್ ಸುಸ್ತಾಗಿದ್ರೆ, ಫಿಲ್ಟರ್ ಕಟ್ಟಿದ್ರೆ ಉಲ್ಟಾ. ಐಡಲ್‌ನಲ್ಲಿ ಸರಿ ಇರುತ್ತೆ, ಲೋಡ್ ಬಿದ್ದಾಗ ಟ್ರಿಮ್ ಏರುತ್ತೆ. ಮಾಫ್ ಸೆನ್ಸರ್ ಮೇಲೆ ಧೂಳು ಕೂತಿದ್ರೂ ಗಾಳಿ ಜಾಸ್ತಿ ಹೋದಾಗ ಏರೋದೇ ಹೆಚ್ಚು, ಹಾಗಾಗಿ ಆ ಎರಡನ್ನ ಬೇರ್ಪಡಿಸೋಕೆ ಪ್ರೆಷರ್ ಗೇಜ್ ಬೇಕು.

ನಮ್ಮಲ್ಲಿ ಓಡಾಡೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ ಮಾಫ್ ಇಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರುತ್ತೆ. ಅವುಗಳಲ್ಲಿ ಗಾಳಿ ಲೀಕ್ ಆದ್ರೆ ಸೆನ್ಸರ್‌ಗೆ ಆ ಗಾಳಿಯೂ ಗೊತ್ತಾಗಿಬಿಡೋದ್ರಿಂದ ಟ್ರಿಮ್‌ಗಿಂತ ಮೊದಲು ಐಡಲ್ ಮೇಲಕ್ಕೇರೋದು, ಏರಿಳಿಯೋದು ಕಾಣುತ್ತೆ. ಅಂಥ ಕಾರಲ್ಲಿ ಲೀನ್ ಕೋಡ್ ಬಂದ್ರೆ ಮೊದಲ ಅನುಮಾನ ಪೆಟ್ರೋಲ್ ಪ್ರೆಷರ್, ಇಂಜೆಕ್ಟರ್, ಸೈಲೆನ್ಸರ್ ಪೈಪಿನ ಲೀಕ್ ಮೇಲೆ ಇರಬೇಕು. ಯೂಟ್ಯೂಬಲ್ಲಿ ಅಮೆರಿಕದ ದೊಡ್ಡ ಕಾರಿನ ವಿಡಿಯೋ ನೋಡಿ ನಮ್ಮ ಹ್ಯಾಚ್‌ಬ್ಯಾಕ್‌ನ ಹೋಸ್‌ಗಳನ್ನೆಲ್ಲ ಬದಲಿಸೋರು ಇದನ್ನ ಗಮನಿಸಬೇಕು.

ಒಂದು ಕಾರು, ಮೂರು ಗ್ಯಾರೇಜ್

ನಗರದ ಕಿರಾಣಿ ಅಂಗಡಿ ಮಾಲೀಕರೊಬ್ಬರ ಕಾರಿನ ಕಥೆ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತೆ. 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ, ಅಂಗಡಿ, ವಾರಕ್ಕೊಮ್ಮೆ ತುಮಕೂರಿಗೆ ಸಾಮಾನು ತರೋಕೆ. ತುಮಕೂರಿಂದ ವಾಪಸ್ ಬರುವಾಗ ಡಿಕ್ಕಿ ತುಂಬಾ ಲೋಡ್. ಒಂದು ದಿನ ಕೆ.ಬಿ. ಕ್ರಾಸ್ ದಾಟುವಾಗ ಲೈಟ್ ಬಂತು. ಗಾಡಿ ಓಡ್ತಿತ್ತು, ಆದ್ರೆ ಓವರ್‌ಟೇಕ್ ಮಾಡೋಕೆ ಹೋದ್ರೆ ಪಿಕಪ್ ಇಲ್ಲ.

ಮೊದಲ ಗ್ಯಾರೇಜಲ್ಲಿ ಕೋಡ್ ನೋಡಿ, ಪೆಟ್ರೋಲ್ ಸಮಸ್ಯೆ ಅಂತ ಹೇಳಿ ಅಳಿಸಿ ಕಳಿಸಿದ್ರು. "ಲೈಟ್ ಹೋಯ್ತಲ್ಲ ಸ್ವಾಮಿ, ಇನ್ನೇನು?" ಒಂಬತ್ತನೇ ದಿನ ಮತ್ತೆ ಬಂತು. ಎರಡನೇ ಕಡೆ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಬದಲಿಸಿದ್ರು. ಹೊಸ ಸೆನ್ಸರ್ ಬಂದ ಮೇಲೂ ಅದೇ ಪಿ0171. ಹೊಸ ಸೆನ್ಸರೂ ಹಳೇದರ ಮಾತನ್ನೇ ಹೇಳ್ತಿದೆ ಅಂದ್ರೆ ಹಳೇದು ಸುಳ್ಳು ಹೇಳಿರಲಿಲ್ಲ ಅಂತ ಆಗಲೇ ಗೊತ್ತಾಗಬೇಕಿತ್ತು. ಆ ಬಿಲ್ ಕಟ್ಟಿದ ಮೇಲೆ ಮಾಲೀಕರಿಗೆ ಕಾರನ್ನೇ ಮಾರಿಬಿಡೋಣ ಅನ್ನಿಸಿತ್ತಂತೆ. "ಇ20 ಬಂದ ಮೇಲೆ ಈ ಮಾಡೆಲ್ ಆಗಲ್ಲ" ಅಂತ ಯಾರೋ ಹೇಳಿದ್ರಂತೆ. ಕೊಳ್ಳೋಕೆ ಬಂದೋರೂ ಅದೇ ಮಾತು ಹೇಳಿ ರೇಟ್ ಇಳಿಸೋಕೆ ನೋಡಿದ್ರು.

ಮೂರನೇ ಮೆಕ್ಯಾನಿಕ್ ಕೋಡ್ ಅಳಿಸಲಿಲ್ಲ. ಮೊದಲು ಫ್ರೀಜ್ ಫ್ರೇಮ್ ನೋಡಿದ್ರು. ಇಂಜಿನ್ ಬಿಸಿ ಇದ್ದಾಗ, ಹೈವೇ ಸ್ಪೀಡಲ್ಲಿ, ಲೋಡಲ್ಲಿ ಕೋಡ್ ಬಿದ್ದಿದೆ. ಆಮೇಲೆ ಟ್ರಿಮ್. ಐಡಲ್‌ನಲ್ಲಿ ಪ್ಲಸ್ 7. ಗಾಡಿ ಓಡಿಸಿ, ಏರಲ್ಲಿ ಎಳೆಸಿದಾಗ ಪ್ಲಸ್ 23. ಪೆಟ್ರೋಲ್ ಪ್ರೆಷರ್ ಗೇಜ್ ಹಾಕಿ ನೋಡಿದ್ರೆ ರೇಸ್ ಕೊಟ್ಟಾಗ ಮುಳ್ಳು ಇಳೀತಿದೆ. ಟ್ಯಾಂಕ್ ಇಳಿಸಿ ಪಂಪ್ ತೆಗೆದ್ರೆ ಅದರ ಕೆಳಗಿನ ಜಾಲರಿ ಫಿಲ್ಟರ್ ಕಪ್ಪು ಕೆಸರಿಂದ ಮುಚ್ಚಿಹೋಗಿತ್ತು. ಟ್ಯಾಂಕ್ ತೊಳೆದು, ಜಾಲರಿ ಫಿಲ್ಟರ್ ಹೊಸದು ಹಾಕಿ, ಕೋಡ್ ಅಳಿಸಿ, ಒಂದು ವಾರ ಓಡಿಸಿಕೊಂಡು ಬನ್ನಿ ಅಂದ್ರು. ಆ ವಾರದ ನಂತರ ಖಾತೆ ಪುಸ್ತಕ ಹೀಗಿತ್ತು. ಐಡಲ್‌ನಲ್ಲಿ ಪ್ಲಸ್ 6, ಏರಲ್ಲಿ ಪ್ಲಸ್ 6. ಪಿಕಪ್ ವಾಪಸ್ ಬಂತು.

ಉಳಿದ ಆ 6 ಇದೆಯಲ್ಲ, ಎರಡೂ ಕಡೆ ಒಂದೇ ಸಮ ಇರೋದು, ಎಥನಾಲ್ ಇದ್ರೆ ಅಲ್ಲಿರುತ್ತೆ. ಅದಕ್ಕಿಂತ ಮೇಲಿದ್ದ 17 ಕೆಸರಿನದ್ದು. ಸೆನ್ಸರಿಗೆ ಕೊಟ್ಟ ದುಡ್ಡು ಅವರ ಪಾಲಿಗೆ ನೀರಲ್ಲಿ ಹೋಮ.

ಆದ್ರೆ ಎಥನಾಲ್ ಅಂದವರ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಎಥನಾಲ್ ಒಳ್ಳೇ ದ್ರಾವಕ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿದ್ದ ಕೊಳೆಯನ್ನ ಅದು ಬಿಡಿಸಿ ತಂದು ಫಿಲ್ಟರಿಗೆ ಒಡ್ಡಬಹುದು. ಹಳೇ ಗಾಡಿಯ ರಬ್ಬರ್ ಪೈಪ್, ಸೀಲ್‌ಗಳಿಗೂ ಅದು ಒಗ್ಗಲ್ಲ. ಇ20 ತಡೆಯೋ ಪೈಪ್, ಸೀಲ್ ಇರೋ ವಾಹನಗಳು 2023ರ ಏಪ್ರಿಲ್‌ನಿಂದ, ಇ20ಗೇ ಹೊಂದಿಸಿದ ಇಂಜಿನ್‌ಗಳು 2025ರ ಏಪ್ರಿಲ್‌ನಿಂದ ಬರಬೇಕು ಅಂತ ಸರ್ಕಾರದ 2021ರ ಯೋಜನೆಯಲ್ಲೇ ಬರೆದಿತ್ತು. ಅಂದ್ರೆ ಅದಕ್ಕೂ ಹಿಂದಿನ ಗಾಡಿ ಇಟ್ಟುಕೊಂಡಿರೋ ನಮ್ಮಂಥವರ ಬಗ್ಗೆ ಯೋಚನೆ ಕಡಿಮೆ ಆಗಿದೆ ಅನ್ನೋದು ನಿಜ. ಆದ್ರೂ ಆ ಕಾರಿಗೆ ಬೇಕಾಗಿದ್ದ ರಿಪೇರಿ ಫಿಲ್ಟರ್ರೇ, ಸೆನ್ಸರ್ ಅಲ್ಲ, ಕಾರು ಮಾರೋದೂ ಅಲ್ಲ.

ಹಳೇ ಮೇಷ್ಟ್ರ ಕಣ್ಣು, ಹೊಸ ಸ್ಕ್ಯಾನರ್

ಸ್ಕ್ಯಾನರ್ ಇದ್ದವನೇ ಮೆಕ್ಯಾನಿಕ್, ಉಳಿದವರು ಔಟ್ ಅನ್ನೋ ಮಾತು ಕೇಳಿಬರ್ತಿದೆ. ನಾನು ಒಪ್ಪಲ್ಲ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸೋ ಬ್ಲೂಟೂತ್ ಡಾಂಗಲ್ ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೇ ಸಿಗುತ್ತೆ, ಮೊಬೈಲಲ್ಲೇ ಕೋಡೂ ಟ್ರಿಮ್ಮೂ ಕಾಣುತ್ತೆ. ಓದೋದು ದೊಡ್ಡದಲ್ಲ, ಓದಿದ್ದನ್ನ ಅರ್ಥ ಮಾಡಿಕೊಳ್ಳೋದು ದೊಡ್ಡದು. ಅದಕ್ಕೆ ಹಳೇ ಮೇಷ್ಟ್ರುಗಳ ಕಣ್ಣೇ ಬೇಕು.

ಉದಾಹರಣೆಗೆ ಸ್ಪಾರ್ಕ್ ಪ್ಲಗ್. ಲೀನ್ ಕೋಡ್ ಬಂದಿರೋ ಕಾರಿನ ಪ್ಲಗ್ ಬಿಚ್ಚಿದಾಗ ತುದಿ ಬೆಳ್ಳಗೆ ಸುಟ್ಟ ಹಾಗಿದ್ರೆ ನಿಜವಾಗಿ ಪೆಟ್ರೋಲ್ ಸಾಲ್ತಿಲ್ಲ. ಅದೇ ಪ್ಲಗ್ ಕಪ್ಪಗೆ ಮಸಿ ಹಿಡಿದಿದ್ರೆ ಏನೋ ಮೋಸ ಇದೆ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪಲ್ಲಿ ಸಣ್ಣ ಬಿರುಕಿದ್ದು ಹೊರಗಿನ ಗಾಳಿ ನುಗ್ತಿರಬಹುದು. ಸೆನ್ಸರ್ ಆ ಗಾಳಿ ನೋಡಿ ಲೀನ್ ಅನ್ನುತ್ತೆ, ಇಸಿಎಂ ಬೇಡದ ಪೆಟ್ರೋಲ್ ಸುರಿಯುತ್ತೆ, ಮೈಲೇಜ್ ನೆಲ ಕಚ್ಚುತ್ತೆ. ಇಲ್ಲಾಂದ್ರೆ ಸೆನ್ಸರ್ರೇ ನಿಜವಾಗಿ ಕೆಟ್ಟಿರುತ್ತೆ, ಸೆನ್ಸರ್ ಬದಲಿಸೋ ಮಾತು ಬರಬೇಕಾಗಿರೋದು ಇಂಥ ಕಡೆ. ಈ ಪ್ಲಗ್ ನೋಡೋ ವಿದ್ಯೆ ನಮ್ಮಲ್ಲಿ ಅಂಬಾಸಿಡರ್ ಕಾಲದಿಂದ ಇದೆ. ಸ್ಕ್ಯಾನರ್ ಹಿಡಿದ ಹುಡುಗರು ಎಷ್ಟೋ ಜನ ಪ್ಲಗ್ ಬಿಚ್ಚೋದೇ ಇಲ್ಲ.

ಇನ್ನೊಂದು ಕಡೆ ಸಣ್ಣ ಗ್ಯಾರೇಜ್‌ನವರಿಗೆ ನಿಜವಾದ ಅನ್ಯಾಯವೂ ಇದೆ. ಪಿ0 ಇಂದ ಶುರುವಾಗೋ ಸಾಮಾನ್ಯ ಕೋಡ್‌ಗಳನ್ನ ಯಾವ ಸ್ಕ್ಯಾನರ್ ಆದ್ರೂ ಓದುತ್ತೆ. ಪಿ1 ಅಂತ ಶುರುವಾಗೋ, ಕಂಪನಿ ತನಗೇ ಅಂತ ಇಟ್ಟುಕೊಂಡ ಕೋಡ್‌ಗಳ ಅರ್ಥ, ಕೆಲವು ಪಾರ್ಟ್ ಬದಲಿಸಿದ ಮೇಲೆ ಮಾಡಬೇಕಾದ ಪ್ರೋಗ್ರಾಮಿಂಗ್, ಇವೆಲ್ಲ ಕಂಪನಿ ಟೂಲ್ ಇಲ್ಲದೆ ಆಗಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ವಿಷಯಕ್ಕೆ. ಬಿಡಿಭಾಗ, ತಪಾಸಣೆ ಟೂಲ್‌ಗಳನ್ನ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಮಾಡಿದ್ದೀರಿ ಅಂತ. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ಮಾಡಿ, ಕೊನೆಗೆ ಒಂದು ಪೋರ್ಟಲ್ಲನ್ನೂ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದ್ರೆ ಪೋರ್ಟಲ್ ಇದೆ ಅಂದ ಮಾತ್ರಕ್ಕೆ ತಾಲೂಕಿನ ಗ್ಯಾರೇಜಿಗೆ ಟೂಲ್ ಬಂದು ಬೀಳಲ್ಲ. ಅಲ್ಲೀವರೆಗೆ ಒಂದು ಸೆನ್ಸರ್ ಪ್ರೋಗ್ರಾಮಿಂಗ್‌ಗೂ 70 ಕಿ.ಮೀ. ದೂರದ ತುಮಕೂರಿಗೆ ಹೋಗಿ, ಒಂದು ದಿನದ ವ್ಯಾಪಾರ ಕಳ್ಕೊಂಡು ಬರೋದೇ ಗತಿ.

ಡೀಸೆಲ್ ಗಾಡಿಗಳ ಬಗ್ಗೆ ಚುಟುಕಾಗಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಬರೋ ದೊಡ್ಡ ತಲೆನೋವು ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್. ಪಿ2463 ಅಂದ್ರೆ ಮಸಿ ಮಿತಿ ಮೀರಿದೆ ಅಂತ. ಮಾರ್ಕೆಟ್ಟಿಂದ ಅಂಗಡಿಗೆ, ಅಂಗಡಿಯಿಂದ ಗೋಡೌನಿಗೆ ಎರಡೆರಡು ಕಿ.ಮೀ. ಓಡೋ ಗಾಡಿಗಳಲ್ಲಿ ಆ ಮಸಿ ಸುಡುವಷ್ಟು ಬಿಸಿ ಬರೋದೇ ಇಲ್ಲ. ಡಿಪಿಎಫ್ ಲೈಟ್ ಮೊದಲು ಬಂದಾಗಲೇ ಹೈವೇಲಿ ಹದಿನೈದು-ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿದ್ರೆ ಎಷ್ಟೋ ಸಲ ತಾನೇ ಸುಟ್ಟುಕೊಳ್ಳುತ್ತೆ. ಅದನ್ನ ಬಿಟ್ಟು ಡಿಪಿಎಫ್ ಒಳಗಿನದ್ದನ್ನ ಒಡೆದು ತೆಗೆಸಿ, ಸಾಫ್ಟ್‌ವೇರಲ್ಲಿ ಕೋಡ್ ಬರದ ಹಾಗೆ ಮಾಡಿಸೋ ದಂಧೆ ನಡೀತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನ ಹಾಗೆ ಬದಲಿಸೋ ಹಾಗಿಲ್ಲ. ಸಿಕ್ಕಿಬಿದ್ದರೆ ಗಾಡಿ ಮಾಲೀಕನೂ ಜವಾಬ್ದಾರಿ ಹೊರಬೇಕು.

ಗ್ಯಾರೇಜಲ್ಲಿ ಏನು ಕೇಳಬೇಕು

ಲೈಟ್ ಸುಮ್ಮನೆ ಹತ್ತಿದ್ದು ಗಾಡಿ ಚೆನ್ನಾಗೇ ಓಡ್ತಿದ್ರೆ ಅವಸರ ಬೇಡ, ಎರಡು ಮೂರು ದಿನದೊಳಗೆ ತೋರಿಸಿ. ಲೈಟ್ ಮಿಣುಕ್ತಾ ಇದ್ದು ಇಂಜಿನ್ ನಡುಗ್ತಿದ್ರೆ ಮಾತ್ರ ಓಡಿಸಬೇಡಿ. ಅದು ಮಿಸ್ಸಿಂಗ್, ಪಿ0300 ಜಾತಿಯ ಕೋಡ್. ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕುತ್ತೆ, ಆ ಬಿಲ್ ನೋಡಿದ್ರೆ ನಿಮಗೂ ಮಿಸ್ಸಿಂಗ್ ಶುರುವಾಗುತ್ತೆ.

ಗ್ಯಾರೇಜಿಗೆ ಹೋದಾಗ "ಕೋಡ್ ಅಳಿಸೋಕೆ ಮುಂಚೆ ಫ್ರೀಜ್ ಫ್ರೇಮ್ ಫೋಟೋ ಹೊಡ್ಕೊಳ್ಳಿ, ಐಡಲ್‌ನಲ್ಲೂ 2500ರಲ್ಲೂ ಟ್ರಿಮ್ ಎಷ್ಟಿದೆ ತೋರಿಸಿ" ಅಂತ ಕೇಳಿ. ಇಷ್ಟು ಕೇಳಿದ್ರೆ ಸಾಕು, ಎದುರಿಗಿರೋರ ಮಾತಿನ ಧಾಟಿ ಬದಲಾಗುತ್ತೆ. ಪಾರ್ಟ್ ಬದಲಿಸಬೇಕು ಅಂದ್ರೆ ಯಾವ ಟೆಸ್ಟ್ ಮಾಡಿ ಆ ತೀರ್ಮಾನಕ್ಕೆ ಬಂದ್ರಿ ಅಂತಲೂ ಕೇಳಿ. ಹಳೇ ಪಾರ್ಟ್ ವಾಪಸ್ ಇಸ್ಕೊಳ್ಳಿ. ಗ್ಯಾಸ್ ಕಿಟ್ ಹಾಕಿಸಿದ ಕಾರಾದ್ರೆ ಗ್ಯಾಸಲ್ಲಿ ಎಷ್ಟು, ಪೆಟ್ರೋಲಲ್ಲಿ ಎಷ್ಟು ಅಂತ ಬೇರೆ ಬೇರೆ ನೋಡಿಸಬೇಕು, ಕಿಟ್ ಟ್ಯೂನಿಂಗ್ ಸರಿ ಇಲ್ಲದೆ ಪೆಟ್ರೋಲಿನ ಖಾತೆಯೂ ಕೆಡೋದು ಸಾಮಾನ್ಯ. ಇನ್ನು ರಿಪೇರಿ ಮಾಡೋರಿಗೂ ಒಂದು ಮಾತು ನ್ಯಾಯ. ಟೆಸ್ಟ್ ಮಾಡೋಕೆ ಅರ್ಧ ದಿನ ಹಿಡಿಯುತ್ತೆ, ಅದಕ್ಕೆ ಮಜೂರಿ ಕೊಡೋಕೆ ನಾವು ಹಿಂದೆ ಮುಂದೆ ನೋಡ್ತೀವಿ, ಪಾರ್ಟಿಗಾದ್ರೆ ಕೇಳದೆ ಕೊಡ್ತೀವಿ. ಸೆನ್ಸರ್ ಬದಲಿಸೋ ಆಟಕ್ಕೆ ನಮ್ಮ ಈ ಬುದ್ಧಿಯೂ ಗೊಬ್ಬರ.

ಈ ಲೆಕ್ಕ ಮುಂದೆ ಇನ್ನೂ ಮುಖ್ಯ ಆಗುತ್ತೆ. 20% ದಾಟಿ ಇ27 ಕಡೆ ಹೋಗೋ ಮಾತು ದೆಹಲಿಯಲ್ಲಿ ನಡೀತಿದೆ. ಹಾಗಾದ್ರೆ ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೇ ಕಾರಿನ ಟ್ರಿಮ್ಮಲ್ಲಿ ಎಥನಾಲ್ ಒಂದೇ ಸುಮಾರು 10 ತಿನ್ನುತ್ತೆ. ಈಗ 15ರಲ್ಲಿ ಕುಂಟ್ತಾ ಇರೋ ಗಾಡಿಗಳಿಗೆ ಆಗ ಉಳಿಯೋ ಜಾಗ ಬಹಳ ಕಡಿಮೆ. ಲೈಟ್ ಬರೋಕೆ ಮುಂಚೆಯೇ ಒಂದು ಸಲ ಟ್ರಿಮ್ ನೋಡಿಸಿಟ್ಟುಕೊಳ್ಳೋದು ಹಳೇ ಕಾರಿನವರಿಗೆ ಒಳ್ಳೇದು.

ಪೆಟ್ರೋಲ್ ಮೇಲೇ ಅನುಮಾನ ಇದ್ರೆ

ಪೆಟ್ರೋಲ್ ಹಾಕಿಸಿದ ಕೆಲವೇ ಕಿ.ಮೀ. ಒಳಗೆ ಗಾಡಿ ಕೆಮ್ಮೋಕೆ ಶುರು ಮಾಡಿ, ಅದೇ ಬಂಕಲ್ಲಿ ಅವತ್ತು ಹಾಕಿಸಿದ ಇನ್ನೂ ನಾಲ್ಕು ಗಾಡಿಗೆ ಹಾಗೇ ಆಗಿದ್ರೆ ಆಗ ಅನುಮಾನ ಪಡೋದು ಸರಿ. ಎಥನಾಲ್ ನೀರನ್ನ ಹೀರಿಕೊಳ್ಳುತ್ತೆ. ಮಳೆಗಾಲದಲ್ಲಿ ಬಂಕಿನ ನೆಲದೊಳಗಿನ ಟ್ಯಾಂಕಿಗೆ ನೀರು ಸೇರಿ ಮಿತಿ ಮೀರಿದ್ರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಆ ತಳದ್ದು ನಿಮ್ಮ ಟ್ಯಾಂಕಿಗೆ ಬಂದ್ರೆ ಲೀನ್ ಕೋಡೂ ಬರಬಹುದು, ಮಿಸ್ಸಿಂಗೂ ಬರಬಹುದು. ಮೇಲೆ ಹೇಳಿದ 7-8%ರ ಲೆಕ್ಕ ಅದಕ್ಕೆ ಅನ್ವಯ ಆಗಲ್ಲ.

ಆದ್ರೆ ವಾಟ್ಸಾಪಲ್ಲಿ ಓಡಾಡೋ ಬಾಟಲ್ ವಿಡಿಯೋಗಳನ್ನ ನಂಬಬೇಡಿ. ಪೆಟ್ರೋಲ್‌ಗೆ ನೀರು ಹಾಕಿ ಅಲುಗಾಡಿಸಿ, ಕೆಳಗೆ ದಪ್ಪ ಪದರ ನಿಂತಿದ್ದನ್ನ ತೋರಿಸಿ "ನೋಡಿ ಎಷ್ಟು ನೀರು ಬೆರೆಸಿದ್ದಾರೆ" ಅಂತಾರೆ. 100 ಎಂಎಲ್ ಇ20ಗೆ 10 ಎಂಎಲ್ ನೀರು ಹಾಕಿ ಕುಲುಕಿದ್ರೆ ಕೆಳಗಿನ ಪದರ 30ರ ಹತ್ತಿರ ಬರಲೇಬೇಕು. ಒಳಗಿದ್ದ ಎಥನಾಲ್ ನೀರಿನ ಜೊತೆ ಇಳಿದಿರುತ್ತೆ, ಅಷ್ಟೇ. ಅದು ಕಲಬೆರಕೆಗೆ ಸಾಕ್ಷಿ ಅಲ್ಲ. ನೀರು ಹಾಕದೆ ಗಾಜಿನ ಬಾಟಲಲ್ಲಿ ಹಿಡಿದಾಗಲೇ ಎರಡು ಪದರ ಕಂಡ್ರೆ, ಮಬ್ಬಾಗಿದ್ರೆ ಅದು ಸಾಕ್ಷಿ.

ಬಂಕಲ್ಲಿ ಫಿಲ್ಟರ್ ಪೇಪರ್ ಟೆಸ್ಟ್ ಕೇಳೋ ಹಕ್ಕು ಗ್ರಾಹಕರಿಗಿದೆ. ಡೆನ್ಸಿಟಿ ಕೂಡ ಕೇಳಬಹುದು, ಬಂಕಲ್ಲಿ ದಾಖಲಾದ ಸಂಖ್ಯೆಗೂ ನಿಮ್ಮೆದುರು ಅಳೆದು 15 ಡಿಗ್ರಿಗೆ ಲೆಕ್ಕ ಹಾಕಿದ ಸಂಖ್ಯೆಗೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಳತೆ ಮೇಲೆ ಅನುಮಾನ ಇದ್ರೆ 5 ಲೀಟರ್ ಮಾಪನದಲ್ಲಿ ಹಿಡಿದು ತೋರಿಸಬೇಕು. ಬಿಲ್ ಇಟ್ಟುಕೊಂಡಿರಿ, ಗಾಡಿ ನಿಂತ ಜಾಗ, ಹೊತ್ತು ಬರೆದಿಟ್ಟುಕೊಳ್ಳಿ, ಟ್ಯಾಂಕ್ ಖಾಲಿ ಮಾಡಿಸುವಾಗ ಒಂದು ಲೀಟರ್ ಗಾಜಿನ ಬಾಟಲಲ್ಲಿ ತೆಗೆದಿಡಿಸಿ. ದೂರು ಪುಸ್ತಕ ಬಂಕಲ್ಲೇ ಇರುತ್ತೆ. ಈ ಟೆಸ್ಟ್‌ಗಳಿಗೆ ಬಂಕಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.